ದಾಂಪತ್ಯ ಸಮಾಲೋಚನೆ: ಕ್ರೈಸ್ತ ಬಾಂಧವರಿಂದ ಕಲಿಯಬೇಕಾದುದು, ಕಲಿಯಬಾರದುದು

ಮದುವೆ ನಿಶ್ಚಯವಾದ ಮನೆಯಲ್ಲಿ ಏನೇನು ಸಿದ್ಧತೆಗಳು ನಡೆಯುತ್ತವೆಂಬುದನ್ನು ನಾವೆಲ್ಲರೂ ಬಲ್ಲೆವು. ಹಾಲ್ ಕಾದಿರಿಸಲಾಗುತ್ತದೆ, ಆಮಂತ್ರಣ ಪತ್ರ ಮುದ್ರಣಕ್ಕೆ ಹೋಗುತ್ತದೆ, ಬಿರಿಯಾನಿಯ ಅಡುಗೆಯವರಿಗೆ ಮುಂಗಡ ಸಲ್ಲುತ್ತದೆ, ಎಷ್ಟು ಪವನ್ ಚಿನ್ನ ಎಂಬ ಲೆಕ್ಕ ಹಗಲಿರುಳು ಸಾಗುತ್ತದೆ. ನಿಕಾಹಿನ ದಿನ ಅರಬಿಯಲ್ಲಿ ಖುತ್ಬಾ ಓದಲಾಗುತ್ತದೆ, ಮಹ್ರ್ ಎಷ್ಟೆಂದು ಸಾರಲಾಗುತ್ತದೆ, ದುಆದೊಂದಿಗೆ ಮಜ್ಲಿಸ್ ಮುಗಿಯುತ್ತದೆ. ಮರುದಿನದಿಂದ ಒಂದೇ ಸೂರಿನಡಿ ಬದುಕಬೇಕಾದ ಆ ಇಬ್ಬರಿಗೆ, ಬದುಕುವುದು ಹೇಗೆಂದು ಯಾರೂ ಏನನ್ನೂ ಹೇಳಿರುವುದಿಲ್ಲ.

ಇದೇ ಕರಾವಳಿಯಲ್ಲಿ, ಮಸೀದಿಯಿಂದ ಕೂಗಳತೆಯಲ್ಲಿರುವ ಇಗರ್ಜಿಯ ಕ್ಯಾಥೊಲಿಕ್ ಯುವಕನು ಮದುವೆಯಾಗಬೇಕಾದರೆ ವಿವಾಹ ಸಿದ್ಧತಾ ಶಿಬಿರದಲ್ಲಿ ಭಾಗವಹಿಸಿ, ಅದರ ಪ್ರಮಾಣಪತ್ರವನ್ನು ಧರ್ಮಗುರುಗಳಿಗೆ ಒಪ್ಪಿಸಬೇಕು. ಹುಡುಗಿಗೂ ಅದೇ ನಿಯಮ. ಇಂತಹ ಶಿಬಿರಗಳಲ್ಲಿ ಧರ್ಮಗುರುಗಳ ಜೊತೆಗೆ ವೈದ್ಯರು, ಆಪ್ತಸಮಾಲೋಚಕರು, ಹಲವು ವರ್ಷ ಸಂಸಾರ ನಡೆಸಿದ ದಂಪತಿಗಳು ಮಾತನಾಡುತ್ತಾರೆ. ಮನೆಯ ಹಣಕಾಸು, ಅತ್ತೆ ಮಾವಂದಿರೊಡನೆ ಬಾಳುವುದು, ಗಂಡ ಹೆಂಡಿರ ಖಾಸಗಿ ಸಂಬಂಧ, ಮಕ್ಕಳ ಪಾಲನೆ, ಜಗಳವಾದಾಗ ಮಾತನಾಡುವ ಬಗೆ, ಇವೆಲ್ಲವೂ ಅಲ್ಲಿ ಪಾಠದ ವಸ್ತುಗಳೇ.

ಕ್ರೈಸ್ತ ಸಮುದಾಯಗಳು ಕಳೆದ ಆರು ದಶಕಗಳಲ್ಲಿ ದಾಂಪತ್ಯ ಸಮಾಲೋಚನೆಯನ್ನು ಹೇಗೆ ರೂಪಿಸಿಕೊಂಡವು, ಎಲ್ಲಿ ಎಡವಿದವು ಎಂಬುದನ್ನು ನಮ್ಮ ಜಮಾಅತ್‌ಗಳು ಅರಿಯುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಈ ಕೆಲಸಕ್ಕೆ ಪವಿತ್ರ ಕುರ್‌ಆನಿನ ಆದೇಶವೇ ನಮ್ಮ ಬಳಿ ಇದೆ. ಆದರೆ ಅದು ನಮ್ಮವರಿಗೆ ನೆನಪಾಗುವುದು ಸಂಸಾರ ಮುರಿದುಬಿದ್ದು, ಚಿನ್ನ ಹಿಂತಿರುಗಿಸುವ ಲೆಕ್ಕಕ್ಕೆ ಕುಳಿತಾಗ.

ಮೊದಲು ಕ್ಯಾಥೊಲಿಕ್ ಸಭೆಯ ಕ್ರಮವನ್ನು ನೋಡೋಣ. 1981ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಕುಟುಂಬದ ಕುರಿತು ‘ಫಮಿಲಿಯಾರಿಸ್ ಕೊನ್ಸೋರ್ಶಿಯೊ’ ಎಂಬ ಉಪದೇಶಪತ್ರವನ್ನು ಹೊರಡಿಸಿದರು. ಮದುವೆಯ ಸಿದ್ಧತೆಗೆ ಮೂರು ಹಂತಗಳಿವೆಯೆಂದು ಅದು ಹೇಳುತ್ತದೆ. ಮೊದಲನೆಯದು ದೂರದ ಸಿದ್ಧತೆ. ಅದು ಬಾಲ್ಯದಲ್ಲೇ, ತಂದೆತಾಯಿಯ ಮನೆಯಲ್ಲೇ ಆರಂಭವಾಗುತ್ತದೆ. ತನ್ನನ್ನೂ ಇತರರನ್ನೂ ಗೌರವಿಸುವುದು, ತನ್ನ ಒಲವುಗಳ ಮೇಲೆ ಹಿಡಿತವಿಟ್ಟುಕೊಳ್ಳುವುದು ಆ ಹಂತದ ಕಲಿಕೆ. ಎರಡನೆಯದು ಯೌವನದಲ್ಲಿ ನಡೆಯುವ ಸಮೀಪದ ಸಿದ್ಧತೆ. ಮೂರನೆಯದು ಮದುವೆಗೆ ಮುಂಚಿನ ತಿಂಗಳು, ವಾರಗಳಲ್ಲಿ ನಡೆಯುವಂಥದು. 1983ರ ಅವರ ಧರ್ಮಸಂಹಿತೆಯಂತೂ ಮದುವೆಗೆ ಸಿದ್ಧಗೊಳಿಸುವುದು ಮಾತ್ರವಲ್ಲ, ಮದುವೆಯಾದವರಿಗೆ ಬಳಿಕವೂ ನೆರವಾಗುವುದು ಧರ್ಮಗುರುವಿನ ಹೊಣೆಯೆಂದು ವಿಧಿಸುತ್ತದೆ.

ಇಷ್ಟೊಂದು ಎಚ್ಚರಿಕೆ ಏಕೆ? ಕ್ಯಾಥೊಲಿಕ್ ವಿಶ್ವಾಸದ ಪ್ರಕಾರ ಮದುವೆಯೊಂದು ಸಂಸ್ಕಾರ. ಸಿಂಧುವಾಗಿ ನೆರವೇರಿದ ಮದುವೆಗೆ ವಿಚ್ಛೇದನವಿಲ್ಲ. ಹೊರಬಾಗಿಲಿಲ್ಲದ ಮನೆಗೆ ಕಾಲಿಡುವವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಯೋಚಿಸಿದ್ದೀಯಾ ಎಂದು ಕೇಳುವುದು ಸಹಜವೇ ಸರಿ. ಇಸ್ಲಾಮಿನಲ್ಲಿ ನಿಕಾಹ್ ಒಂದು ಕರಾರು. ತಲಾಕ್, ಖುಲಾ, ಫಸ್ಖ್ ಎಂಬ ಬಾಗಿಲುಗಳನ್ನು ಶರೀಅತ್ ಇರಿಸಿದೆ. ಬಾಗಿಲಿದೆಯಲ್ಲ, ಹೊಸ್ತಿಲಲ್ಲಿ ಪರೀಕ್ಷೆ ಏಕೆ ಎಂದು ಕೆಲವರು ಕೇಳುತ್ತಾರೆ. ಆದರೆ ಆ ಕರಾರನ್ನು ಕುರ್‌ಆನ್ ಸಾಮಾನ್ಯ ಕರಾರೆಂದು ಕರೆಯಲಿಲ್ಲ. ‘ಮೀಸಾಕನ್ ಗಲೀಝಾ’ ಎಂದಿತು, ಬಲಿಷ್ಠ ಪ್ರತಿಜ್ಞೆ ಎಂಬ ಅರ್ಥದಲ್ಲಿ. ಜಮೀನಿನ ಕರಾರಿಗೆ ಸಹಿ ಹಾಕುವ ಮುನ್ನ ಪಹಣಿಯನ್ನೂ ಗಡಿಯನ್ನೂ ಹತ್ತು ಸಲ ಪರಿಶೀಲಿಸುವವರು ನಾವು.

ಮದುವೆಯಾದ ಮೇಲಿನ ನೆರವಿನ ಬಗ್ಗೆ ಅವರಲ್ಲಿ ನಡೆದ ಎರಡು ಪ್ರಯೋಗಗಳು ವಿಶೇಷವಾಗಿ ಗಮನಾರ್ಹ. ಒಂದು ಸ್ಪೇನಿನಲ್ಲಿ ಹುಟ್ಟಿತು. ಗೇಬ್ರಿಯೆಲ್ ಕಾಲ್ವೊ ಎಂಬ ಧರ್ಮಗುರು 1950ರ ದಶಕದಲ್ಲಿ ದಂಪತಿಗಳೊಡನೆ ಮಾತುಕತೆ ಆರಂಭಿಸಿ, 1962ರಲ್ಲಿ ಬಾರ್ಸಿಲೋನಾದಲ್ಲಿ ವಾರಾಂತ್ಯದ ಶಿಬಿರವಾಗಿ ಅದನ್ನು ರೂಪಿಸಿದರು. ‘ಮ್ಯಾರೇಜ್ ಎನ್‌ಕೌಂಟರ್’ ಎಂಬ ಹೆಸರಿನಲ್ಲಿ ಅದು ಜಗತ್ತಿನೆಲ್ಲೆಡೆ ಹರಡಿತು. ಪ್ರೊಟೆಸ್ಟಂಟರೂ ಅದನ್ನು ಎತ್ತಿಕೊಂಡರು. ಅದರ ವಿಧಾನ ತೀರಾ ಸರಳ. ಗಂಡನೂ ಹೆಂಡತಿಯೂ ಒಂದು ಪ್ರಶ್ನೆಗೆ ಬೇರೆಬೇರೆಯಾಗಿ 10 ನಿಮಿಷ ಬರೆಯಬೇಕು. ಬಳಿಕ ಬರೆದುದನ್ನು ಬದಲಾಯಿಸಿ ಓದಿ, 10 ನಿಮಿಷ ಅದರ ಬಗ್ಗೆಯೇ ಮಾತನಾಡಬೇಕು. ಯಾರು ಸರಿ, ಯಾರು ತಪ್ಪು ಎಂಬ ವಾದ ಅಲ್ಲಿಲ್ಲ. ನನ್ನ ಮನಸ್ಸಿನಲ್ಲಿ ಹೀಗಾಯಿತು ಎಂದು ಹೇಳಿಕೊಳ್ಳುವುದಷ್ಟೇ. ಬಾಯಿ ಬಿಟ್ಟು ಹೇಳಲಾಗದ್ದನ್ನು ಬರೆಯಬಹುದು, ಬರೆದುದನ್ನು ಓದುವವನು ನಡುವೆ ಬಾಯಿ ಹಾಕಲಾರ, ಎಂಬುದೇ ಅದರ ಗುಟ್ಟು. ಹೆಂಡತಿಯ ಮಾತನ್ನು ಪೂರ್ತಿ ಕೇಳುವ ಮೊದಲೇ ಉತ್ತರ ಸಿದ್ಧವಿಟ್ಟುಕೊಳ್ಳುವ ಗಂಡಸರು ಎಲ್ಲ ಮತಗಳಲ್ಲಿಯೂ ಇದ್ದಾರಷ್ಟೆ.

ಎರಡನೆಯದು ‘ರೆಟ್ರೂವೈ’. 1977ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ಫ್ರೆಂಚ್ ಮಾತನಾಡುವ ಕ್ಯಾಥೊಲಿಕರ ನಡುವೆ ಆರಂಭವಾದದ್ದು. ಕಳೆದುದು ಮರಳಿ ದೊರಕುವುದು ಎಂಬುದು ಆ ಪದದ ಭಾವ. ಮೊದಲನೆಯದು ಚೆನ್ನಾಗಿರುವ ದಾಂಪತ್ಯವನ್ನು ಇನ್ನಷ್ಟು ಹಸನುಗೊಳಿಸಲು. ಇದಾದರೋ ಬೇರೆಯಾಗುವ ಅಂಚಿನಲ್ಲಿರುವವರಿಗೆ, ಬೇರೆಯಾಗಿ ಬಾಳುತ್ತಿರುವವರಿಗೆ ಕೂಡ. ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಶಿಬಿರ, ಆ ಬಳಿಕ ಹಲವು ವಾರಗಳ ಮುಂದುವರಿದ ಭೇಟಿಗಳು. ಅಲ್ಲಿ ಮುಖ್ಯವಾಗಿ ಮಾತನಾಡುವವರು ಪಂಡಿತರಲ್ಲ. ಒಮ್ಮೆ ತಮ್ಮ ಸಂಸಾರವೇ ಮುರಿಯುವ ಹಂತ ತಲುಪಿ ಅಲ್ಲಿಂದ ಹಿಂದಿರುಗಿದ ಗಂಡ ಹೆಂಡಿರು, ಜೊತೆಗೊಬ್ಬ ಧರ್ಮಗುರು. ಕುಡಿತದಿಂದ, ಸಾಲದಿಂದ, ಪರಸಂಬಂಧದಿಂದ ನುಚ್ಚುನೂರಾದ ಮನೆಯನ್ನು ಹೇಗೆ ಮತ್ತೆ ಕಟ್ಟಿದೆವೆಂದು ಅವರು ಎದುರು ನಿಂತು ಹೇಳುತ್ತಾರೆ. ಕೇಳಲು ಬಂದವರು ತಮ್ಮ ಕಥೆಯನ್ನು ಸಭೆಯಲ್ಲಿ ಹೇಳಬೇಕಾಗಿಲ್ಲ. ತಮ್ಮ ಕೋಣೆಗೆ ಹೋಗಿ ತಮ್ಮಿಬ್ಬರಲ್ಲೇ ಮಾತನಾಡಿಕೊಂಡರಾಯಿತು.

ಈ ಕ್ರಮದ ಹಿಂದಿರುವ ತಿಳಿವಳಿಕೆಯನ್ನು ನಾವು ಮೆಚ್ಚಲೇಬೇಕು. ನೊಂದವನಿಗೆ ಎತ್ತರದ ಪೀಠದಿಂದ ಬಂದ ಮಾತಿಗಿಂತ, ಅದೇ ಹೊಂಡದಲ್ಲಿ ಬಿದ್ದು ಎದ್ದವನ ಮಾತು ಬೇಗ ತಲುಪುತ್ತದೆ. ಮತ್ತು ಮಾನ ಉಳಿಯುತ್ತದೆ. ಇಸ್ಲಾಮ್ ‘ಸತ್ರ್’ ಎಂದು ಕರೆಯುವುದು ಇದನ್ನೇ ತಾನೆ: ಸಹೋದರನ ಕುಂದನ್ನು ಮುಚ್ಚುವುದು. ನಮ್ಮಲ್ಲಿ ದಂಪತಿಗಳ ಪಂಚಾಯಿತಿ ಅಸರ್ ಬಳಿಕ ಮಸೀದಿಯ ಕಚೇರಿಯಲ್ಲಿ ನಡೆದರೆ, ಇಶಾ ವೇಳೆಗೆ ಅದರ ವಿವರ ಚಹಾದಂಗಡಿಯ ಬೆಂಚಿಗೆ ತಲುಪಿರುತ್ತದೆ. ಈಗ ವಾಟ್ಸ್ಆ್ಯಪ್ ಬಂದ ಮೇಲೆ ಇಶಾ ತನಕ ಕಾಯಬೇಕಾಗಿಯೂ ಇಲ್ಲ. ಕ್ಯಾಥೊಲಿಕ್ ಧರ್ಮಗುರು ಪಾಪನಿವೇದನೆಯಲ್ಲಿ ಕೇಳಿದ ಗುಟ್ಟನ್ನು ಹೊರಗೆಡಹಿದರೆ ಸಭೆಯಿಂದ ಬಹಿಷ್ಕೃತನಾಗುತ್ತಾನೆ. ಪಾಪನಿವೇದನೆಯೇ ಬೇರೆ, ಸಮಾಲೋಚನೆಯೇ ಬೇರೆ. ಮನುಷ್ಯನೆದುರು ಪಾಪ ನಿವೇದಿಸುವ ಪದ್ಧತಿಯೂ ನಮ್ಮಲ್ಲಿಲ್ಲ. ಆದರೆ ಒಬ್ಬ ಹೆಣ್ಣುಮಗಳು ನಂಬಿ ಹೇಳಿದ ಮಾತು ಅಮಾನತ್ ಎಂಬುದು ನಮ್ಮ ಧರ್ಮದ್ದೇ ಪಾಠ. ಅದನ್ನು ಕಾಯದವರ ಬಳಿ ಎರಡನೆಯ ಬಾರಿ ಯಾರು ಬರುತ್ತಾರೆ?

ಇನ್ನು ಪ್ರೊಟೆಸ್ಟಂಟರಲ್ಲಿ ಈ ವಿಷಯವಾಗಿ ನಡೆದ ವಾಗ್ವಾದ. ನಮ್ಮ ಉಸ್ತಾದರುಗಳು ಇದನ್ನು ವಿಶೇಷವಾಗಿ ಗಮನಿಸಬೇಕೆಂಬುದು ನಮ್ಮ ಅಪೇಕ್ಷೆ, ಏಕೆಂದರೆ ಇದು ನಮ್ಮದೇ ಕಥೆಯಂತೆ ತೋರುತ್ತದೆ. ಅಮೆರಿಕದ ಜೇ ಆ್ಯಡಮ್ಸ್ ಎಂಬ ಪಾದ್ರಿ 1970ರಲ್ಲಿ ‘ಕಾಂಪಿಟೆಂಟ್ ಟು ಕೌನ್ಸೆಲ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಮನೋವಿಜ್ಞಾನಿಗಳ ಕೈಗೆ ಸಭೆಯ ಜನರನ್ನು ಒಪ್ಪಿಸಿಬಿಟ್ಟಿದ್ದೇವೆ, ಬೈಬಲ್ ಬಲ್ಲ ಪಾದ್ರಿಯೇ ಸಮಾಲೋಚನೆಗೆ ಅರ್ಹ ಎಂಬುದು ಅವರ ವಾದ. ಎಚ್ಚರಿಸಿ ತಿದ್ದುವುದು ಎಂಬರ್ಥದ ಗ್ರೀಕ್ ಪದವೊಂದರಿಂದ ಆ ವಿಧಾನಕ್ಕೆ ‘ನೌಥೆಟಿಕ್’ ಎಂಬ ಹೆಸರು ಬಂತು. ದೇಹದ ಕಾಯಿಲೆಯಿಂದ ಉಂಟಾದುದನ್ನು ಬಿಟ್ಟರೆ, ಮನಸ್ಸಿನ ತೊಂದರೆಗಳೆನ್ನುವ ಬಹುತೇಕ ಸಂಗತಿಗಳ ಬೇರು ಪಾಪದಲ್ಲಿದೆ. ಪಾಪವನ್ನು ತೋರಿಸಿ, ಪಶ್ಚಾತ್ತಾಪಕ್ಕೆ ಕರೆದು, ನಡತೆ ಬದಲಿಸಿದರೆ ಬದುಕು ಸರಿಯಾಗುತ್ತದೆ ಎಂದು ಅವರು ಕಲಿಸಿದರು.

ಅವರ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಗಂಡ ಕುಡಿದು ಹಣ ಹಾಳುಮಾಡಿದರೆ ಅದು ಅವನ ತಪ್ಪು. ಅದನ್ನು ಬಾಲ್ಯದ ಗಾಯವೆಂದು ಸವರಿ ಕೂರುವುದರಿಂದ ಮನೆ ನಡೆಯದು. ಹೊಣೆಯನ್ನು ಹೊರಿಸಬೇಕಾದಲ್ಲಿ ಹೊರಿಸಲೇಬೇಕು. ಆದರೆ ಎಲ್ಲ ಬೀಗಗಳಿಗೂ ಒಂದೇ ಕೀಲಿಯೆಂದು ಹೊರಟಾಗ ತೊಂದರೆಯಾಯಿತು. ಅದಕ್ಕೆ ಉತ್ತರ ಕ್ರೈಸ್ತರೊಳಗಿಂದಲೇ ಬಂತು. ಮನಶ್ಶಾಸ್ತ್ರಜ್ಞ ಲ್ಯಾರಿ ಕ್ರ್ಯಾಬ್ 1977ರ ತಮ್ಮ ಗ್ರಂಥದಲ್ಲಿ ಬೈಬಲಿನ ಒಂದು ಪ್ರಸಂಗವನ್ನು ದೃಷ್ಟಾಂತವಾಗಿ ಬಳಸಿದರು. ಪ್ರವಾದಿ ಮೂಸಾ(ಅ)ರ ಜನರು ಈಜಿಪ್ಟಿನಿಂದ ಹೊರಡುವಾಗ ಆ ನಾಡಿನವರ ಬೆಳ್ಳಿ ಬಂಗಾರವನ್ನು ಪಡೆದು ತಂದರಲ್ಲವೆ, ಹಾಗೆಯೇ ಲೌಕಿಕ ಮನೋವಿಜ್ಞಾನದಲ್ಲಿ ಬೆಲೆಯುಳ್ಳದ್ದನ್ನು ಜರಡಿ ಹಿಡಿದು ತೆಗೆದುಕೊಳ್ಳಬೇಕು ಎಂಬ ನಿಲುವು ಅವರದು. ಆ್ಯಡಮ್ಸ್ ಅವರೇ ಕಟ್ಟಿದ ಸಂಸ್ಥೆಯಲ್ಲಿ ಮುಂದೆ ದುಡಿದ ಡೇವಿಡ್ ಪೌಲಿಸನ್ ಮೊದಲಾದವರು ಕೂಡ, ಎದುರು ಕುಳಿತವನಲ್ಲಿ ಪಾಪಿಯನ್ನಷ್ಟೇ ಕಂಡರೆ ಸಾಲದು, ನೋವುಂಡವನನ್ನೂ ಕಾಣಬೇಕೆಂದು ಆ ವಿಧಾನವನ್ನು ಒಳಗಿನಿಂದಲೇ ತಿದ್ದಿದರು.

ಈಗ ನಮ್ಮ ಕಡೆಗೆ ನೋಡೋಣ. ಹೆರಿಗೆಯಾದ ಮೇಲೆ ಸೊಸೆ ಮಾತು ಬಿಟ್ಟಿದ್ದಾಳೆ, ಮಗುವನ್ನು ಎತ್ತಿಕೊಳ್ಳುತ್ತಿಲ್ಲ, ಕಾರಣವಿಲ್ಲದೆ ಅಳುತ್ತಾಳೆ. ಇದು ಹೆರಿಗೆಯ ಬಳಿಕ ಬರುವ ಖಿನ್ನತೆಯಾಗಿರಬಹುದು, ಇದಕ್ಕೆ ಔಷಧವಿದೆ ಎಂದು ಹೇಳುವವರು ಎಷ್ಟು ಮಂದಿ? ನಮಾಝ್ ಸರಿಯಾಗಿ ಮಾಡುತ್ತಿಲ್ಲ, ಈಮಾನ್ ದುರ್ಬಲ, ಜಿನ್ನ್ ಉಪಟಳ ಎಂಬ ತೀರ್ಪುಗಳು ಒಂದರ ಹಿಂದೊಂದು ಬರುತ್ತವೆ. ಮಂತ್ರಿಸಿದ ನೀರು ಬರುತ್ತದೆ. ಕೊನೆಗೆ ತವರಿಗೆ ಕಳುಹಿಸಲಾಗುತ್ತದೆ. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧವನ್ನು ಇರಿಸಿದ್ದಾನೆಂದು ಪ್ರವಾದಿ(ಸ)ರು ತಿಳಿಸಿದ್ದು ದೇಹಕ್ಕೆ ಮಾತ್ರ ಅನ್ವಯವೆಂದು ಯಾರು ಹೇಳಿದರು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ದುಆ ಮಾಡುವ ಕೈ ಆ ಚೀಟಿಯನ್ನೂ ಬರೆದುಕೊಡಬಹುದು.

ಸಮಾಲೋಚನೆ ಅತ್ಯಂತ ಅಪಾಯಕಾರಿಯಾಗುವ ಸ್ಥಳ ಮತ್ತೊಂದಿದೆ. ಗಂಡ ಹೊಡೆಯುತ್ತಾನೆಂದು ಬಂದವಳಿಗೆ, ಪತಿಗೆ ಅಧೀನಳಾಗಿರು ಎಂಬ ಬೈಬಲಿನ ಬೋಧನೆಯನ್ನು ನೆನಪಿಸಿ ಅದೇ ಮನೆಗೆ ಹಿಂದಿರುಗಿಸಿದ ಪಾದ್ರಿಗಳು ಇದ್ದರು. ಕ್ರೈಸ್ತ ಮಹಿಳೆಯರೂ ಚಿಂತಕರೂ ಇದರ ವಿರುದ್ಧ ದೀರ್ಘಕಾಲ ಹೋರಾಡಿದ್ದಾರೆ. ನಮ್ಮ ದೇಶದಲ್ಲಿ 1869ರ ವಿಚ್ಛೇದನ ಕಾಯ್ದೆಯ ಪ್ರಕಾರ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ಸಾಬೀತುಪಡಿಸಿದರೆ ಸಾಕಾಗಿತ್ತು. ಹೆಂಡತಿಯಾದರೋ ಸಾಮಾನ್ಯವಾಗಿ ವ್ಯಭಿಚಾರದೊಂದಿಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಿತ್ತು. ಆ ತಾರತಮ್ಯ ಅಳಿದದ್ದು 2001ರ ತಿದ್ದುಪಡಿಯಿಂದ, ಅಂದರೆ 132 ವರ್ಷಗಳ ಬಳಿಕ. ವಿಚ್ಛೇದನವನ್ನು ಒಪ್ಪದ ಕ್ಯಾಥೊಲಿಕ್ ಸಭೆ ಕೂಡ, ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಹೊರಡಿಸಿದ ‘ಅಮೋರಿಸ್ ಲೆಟೀಶಿಯಾ’ದಲ್ಲಿ, ಹಿಂಸೆಯಿಂದ ದುರ್ಬಲ ಸಂಗಾತಿಯನ್ನೂ ಮಕ್ಕಳನ್ನೂ ಪಾರುಮಾಡಲು ಬೇರೆಯಾಗಿ ಬಾಳುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯವೆಂದು ಸ್ಪಷ್ಟಪಡಿಸಿದೆ.

ಹೊರಬಾಗಿಲಿಲ್ಲವೆಂದು ನಂಬುವವರು ಇಷ್ಟು ಹೇಳುತ್ತಿರುವಾಗ, ಬಾಗಿಲಿರುವ ನಮ್ಮ ಮನೆಯಲ್ಲಿ ಏನಾಗುತ್ತಿದೆ? ಖುಲಾದ ಹಕ್ಕು ಕಿತಾಬಿನಲ್ಲಿದೆ. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯು ಕ್ರೌರ್ಯ, ಎರಡು ವರ್ಷ ಜೀವನಾಂಶ ನೀಡದಿರುವುದು, ನಾಲ್ಕು ವರ್ಷ ಪತ್ತೆಯಿಲ್ಲದಿರುವುದು ಮುಂತಾದ ಕಾರಣಗಳಿಗೆ ಹೆಣ್ಣಿಗೆ ಬಿಡುಗಡೆ ಕೊಡುತ್ತದೆ. ಆ ಕಾಯ್ದೆಯ ಹಿಂದೆ ಉಲಮಾಗಳ ಶ್ರಮವೇ ಇತ್ತು. ಆದರೂ ಮೈಮೇಲೆ ಬಾಸುಂಡೆ ಹೊತ್ತು ಬಂದ ಹುಡುಗಿಗೆ ಹಿರಿಯರು ಹೇಳುವುದು ಒಂದೇ ಮಾತು: ಸಬ್ರ್ ಮಾಡು ಮಗಳೇ. ಸಬ್ರ್ ಎಂಬುದು ಎಷ್ಟು ದೊಡ್ಡ ಗುಣವೋ ಅದನ್ನು ಸದಾ ಒಬ್ಬಳ ತಲೆಯ ಮೇಲೆಯೇ ಹೊರಿಸುವುದು ಅಷ್ಟೇ ದೊಡ್ಡ ಅನ್ಯಾಯ. ಹೊಡೆಯುವವನಿಗೂ ಸಬ್ರ್ ಬೇಕಲ್ಲವೆ?

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 35ನೆಯ ಸೂಕ್ತದತ್ತ ಈಗ ಬರೋಣ. ದಂಪತಿಗಳ ನಡುವೆ ಬಿರುಕು ಉಂಟಾದೀತೆಂಬ ಭಯವಾದಾಗ ಗಂಡನ ಕಡೆಯಿಂದ ಒಬ್ಬರನ್ನು, ಹೆಂಡತಿಯ ಕಡೆಯಿಂದ ಒಬ್ಬರನ್ನು ಮಧ್ಯಸ್ಥರನ್ನಾಗಿ ನೇಮಿಸಬೇಕೆಂಬುದು ಅದರ ಸಾರ. ಸೂಕ್ತ ಹೇಳುವುದು ಬಿರುಕಿನ ಭಯದ ಬಗ್ಗೆ. ಗೋಡೆ ಕುಸಿದ ಮೇಲಲ್ಲ, ಗೆರೆ ಕಂಡಾಗಲೇ ಹೋಗಬೇಕು. 2002ರಲ್ಲಿ ಶಮೀಮ್ ಆರಾ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಕೂಡ, ತಲಾಕಿಗೆ ಸಮಂಜಸ ಕಾರಣವಿರಬೇಕು, ಅದಕ್ಕೆ ಮೊದಲು ಎರಡೂ ಕಡೆಯ ಮಧ್ಯಸ್ಥರಿಂದ ಸಂಧಾನದ ಯತ್ನ ನಡೆದಿರಬೇಕು ಎಂದಿತು. ನ್ಯಾಯಾಲಯವು ನಮ್ಮ ಕಿತಾಬನ್ನು ನಮಗೇ ಓದಿ ಹೇಳಿದಂತಾಯಿತು.

ಮಧ್ಯಸ್ಥನ ಮಾತಿಗೆ ಮಿತಿ ಎಲ್ಲಿ ಎಂಬುದಕ್ಕೆ ಬರೀರಾ(ರ)ರ ಘಟನೆಗಿಂತ ಉತ್ತಮ ಪಾಠವನ್ನು ನಾವು ಬೇರೆಲ್ಲೂ ಕಂಡಿಲ್ಲ. ದಾಸ್ಯದಿಂದ ವಿಮೋಚನೆಗೊಂಡ ಅವರಿಗೆ ಇನ್ನೂ ದಾಸನಾಗಿದ್ದ ಪತಿ ಮುಗೀಸ್‌ರನ್ನು ತೊರೆಯುವ ಸ್ವಾತಂತ್ರ್ಯ ದೊರಕಿತು; ಅವರು ತೊರೆದರು. ಮುಗೀಸ್ ಮದೀನಾದ ಬೀದಿಗಳಲ್ಲಿ ಗಡ್ಡ ತೊಯ್ಯುವಂತೆ ಅಳುತ್ತಾ ಆಕೆಯ ಹಿಂದೆ ಅಲೆದರು. ಕರಗಿದ ಪ್ರವಾದಿ(ಸ)ರು ಆಕೆಯನ್ನು ಕರೆದು, ಅವರ ಬಳಿಗೆ ಮರಳಬಾರದೇ ಎಂದು ಕೇಳಿದರು. ಇದು ತಮ್ಮ ಆಜ್ಞೆಯೇ ಎಂದು ಬರೀರಾ ವಿಚಾರಿಸಿದರು. ಆಜ್ಞೆಯಲ್ಲ, ಶಿಫಾರಸು ಮಾತ್ರ ಎಂಬ ಉತ್ತರ ಬಂತು. ಹಾಗಾದರೆ ನನಗೆ ಅವರ ಅಗತ್ಯವಿಲ್ಲವೆಂದು ಆಕೆ ಹೇಳಿದರು. ಪ್ರವಾದಿ(ಸ)ರು ಅಲ್ಲಿಗೇ ನಿಲ್ಲಿಸಿದರು. ಅಲ್ಲಾಹನ ರಸೂಲರ ಶಿಫಾರಸನ್ನು ಒಬ್ಬ ವಿಮೋಚಿತ ದಾಸಿ ವಿನಯದಿಂದಲೇ ನಿರಾಕರಿಸಬಲ್ಲಳು. ನಮ್ಮ ಕಮಿಟಿಯ ಶಿಫಾರಸನ್ನು ಒಬ್ಬ ಪದವೀಧರೆ ನಿರಾಕರಿಸಿದರೆ ಆಕೆ ಹಟಮಾರಿ! ಸಮಾಲೋಚನೆ ಬೇರೆ, ಆಜ್ಞೆ ಬೇರೆ ಎಂಬುದನ್ನು ಕ್ರೈಸ್ತ ಸಮಾಲೋಚಕರು ದಶಕಗಳ ವಾಗ್ವಾದದಿಂದ ಕಲಿತರು. ನಮಗದು ಹದೀಸಿನಲ್ಲೇ ಬರೆದಿಟ್ಟಿದೆ.

ಆ ಹೆಣ್ಣುಮಗಳ ಮಾತನ್ನು ಯಾರು ಕೇಳಿಸಿಕೊಳ್ಳಬೇಕೆಂಬುದೂ ಪ್ರಶ್ನೆಯೇ. ತನ್ನ ಗಂಡನ ಬಗ್ಗೆ ದೂರು ಹೊತ್ತು ಬಂದ ಖೌಲಾ(ರ)ರು ಪ್ರವಾದಿ(ಸ)ರ ಎದುರು ತಾವೇ ವಾದಿಸಿದರು, ಅದನ್ನು ಅಲ್ಲಾಹನು ಆಲಿಸಿದನೆಂಬುದರಿಂದಲೇ ಅಲ್ ಮುಜಾದಲಾ ಅಧ್ಯಾಯ ಆರಂಭವಾಗುತ್ತದೆ. ಇಂದು ಆಕೆಯ ಪರವಾಗಿ ಅಣ್ಣನೋ ಮಾವನೋ ಮಾತನಾಡುತ್ತಾರೆ. ಹೇಳಬೇಕಾದುದರಲ್ಲಿ ಅರ್ಧವನ್ನು ಆಕೆ ಅಣ್ಣನಿಗೂ ಹೇಳಿರುವುದಿಲ್ಲ.

ಅನ್ಯಧರ್ಮೀಯರನ್ನು ಅನುಕರಿಸಬೇಕೇ ಎಂದು ಆಕ್ಷೇಪಿಸುವವರಿದ್ದಾರೆ. ಸಂಸ್ಕಾರದ ಸಿದ್ಧಾಂತವನ್ನಾಗಲಿ ಪಾಪನಿವೇದನೆಯನ್ನಾಗಲಿ ತೆಗೆದುಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಮದೀನಾದ ರಕ್ಷಣೆಗೆ ಕಂದಕ ತೋಡುವುದು ಪರ್ಶಿಯನ್ನರ ಯುದ್ಧತಂತ್ರವಾಗಿತ್ತು. ಸಲ್ಮಾನುಲ್ ಫಾರಿಸಿ(ರ)ರು ಅದನ್ನು ಸೂಚಿಸಿದಾಗ ಪ್ರವಾದಿ(ಸ)ರು ಸ್ವತಃ ಮಣ್ಣು ಹೊತ್ತರು. ಮಲೇಶಿಯಾದಲ್ಲಿ ಮುಸ್ಲಿಮ್ ವಧೂವರರು ನಿಕಾಹಿಗೆ ಮುನ್ನ ವಿವಾಹಪೂರ್ವ ತರಬೇತಿ ಪಡೆಯುವುದು ಕಡ್ಡಾಯ. ಅದರಿಂದ ಅವರ ದೀನಿಗೆ ಕುಂದುಂಟಾಯಿತೆಂದು ನಾವು ಕೇಳಿಲ್ಲ.

ನಮ್ಮ ಶಿಬಿರದ ಪಾಠಗಳು ನಮ್ಮ ಬದುಕಿನಿಂದಲೇ ಬರಬೇಕು. ಮದುವೆಯಾದ ತಿಂಗಳೊಳಗೆ ಗಲ್ಫಿನ ವಿಮಾನ ಹತ್ತಿ, ಎರಡು ವರ್ಷಕ್ಕೊಮ್ಮೆ ಬರುವ ಗಂಡನೊಡನೆ ದಾಂಪತ್ಯ ನಡೆಸುವುದು ಹೇಗೆ? ಅವನು ಕಳುಹಿಸುವ ಹಣ ಯಾರ ಖಾತೆಗೆ, ತಾಯಿಗೋ ಹೆಂಡತಿಗೋ? ಹೆಣ್ಣು ಓದು ಮುಂದುವರಿಸುವಳೇ, ಕೆಲಸಕ್ಕೆ ಹೋಗುವಳೇ? ಪಡೆದ ಚಿನ್ನ ಅಡವಿಗೆ ಹೋದರೆ ಬಿಡಿಸಿಕೊಡುವವರಾರು? ಇವನ್ನು ನಿಕಾಹಿಗೆ ಮೊದಲು ಕೇಳಿದರೆ ಮುಜುಗರ. ಕೇಳದಿದ್ದರೆ ಮೂರು ವರ್ಷದ ಬಳಿಕ ಇವೇ ಪ್ರಶ್ನೆಗಳು ಕುಟುಂಬ ನ್ಯಾಯಾಲಯದ ಅರ್ಜಿಯಲ್ಲಿರುತ್ತವೆ.

ವರನ ಊರಿನ ಜಮಾಅತ್‌ನಿಂದ ಪತ್ರ ತಂದ ಬಳಿಕವೇ ನಿಕಾಹ್ ನೆರವೇರಿಸುವ ಪದ್ಧತಿ ನಮ್ಮಲ್ಲಿ ಹಲವೆಡೆ ಈಗಾಗಲೇ ಇದೆ. ಆ ಪತ್ರದಲ್ಲಿ ಇನ್ನೊಂದು ಸಾಲು ಸೇರಿದರೆ ಸಾಕು, ಇವರು ಎರಡು ದಿನದ ವಿವಾಹ ತರಬೇತಿ ಪಡೆದಿದ್ದಾರೆ ಎಂದು. ನಾಲ್ಕೈದು ಜಮಾಅತ್‌ಗಳು ಕೂಡಿದರೆ ಒಬ್ಬ ಆಲಿಮ್, ಒಬ್ಬ ವೈದ್ಯೆ, ಒಬ್ಬ ವಕೀಲರು, ಸಮಾಲೋಚನೆಯ ತರಬೇತಿ ಪಡೆದ ಒಬ್ಬ ಮಹಿಳೆ ಸಿಗದೆ ಇರಲಾರರು. ನಮ್ಮ ಹೆಣ್ಣುಮಕ್ಕಳು ಮನಶ್ಶಾಸ್ತ್ರವನ್ನೂ ಸಮಾಜಕಾರ್ಯವನ್ನೂ ಓದಿ ಮನೆಯಲ್ಲೇ ಕುಳಿತಿದ್ದಾರೆ. ದೂರು ಹೇಳಲು ಬರುವವಳಿಗೆ ಮಸೀದಿಯ ಕಚೇರಿಯ ಬದಲು ಮದ್ರಸದ ಹಿಂಬದಿಯ ಕೋಣೆಯೊಂದನ್ನು, ಸಂಜೆಯ ಎರಡು ಗಂಟೆ ಕಾಲ, ಆ ಮಹಿಳೆಯ ಕೈಗೊಪ್ಪಿಸಬಹುದು. ಕೀಲಿಯೂ ಆಕೆಯ ಬಳಿಯೇ ಇರಲಿ, ದಾಖಲೆ ಪುಸ್ತಕವೂ. ಶವ್ವಾಲ್ ಬಂದರೆ ಮದುವೆಗಳು ಸಾಲುಗಟ್ಟುತ್ತವೆ. ಇದನ್ನು ಅದಕ್ಕೆ ಮುಂಚಿನ ಮಹಾಸಭೆಯಲ್ಲಿ ಮಂಡಿಸಬೇಕೆಂದು ಕಾರ್ಯದರ್ಶಿಗಳಲ್ಲಿ ನಮ್ಮ ವಿನಂತಿ.